ಒಂಬತ್ತೂವರೆ ಷೋಗೆ ಬರಬೇಕಾದವರು

ಮೊನ್ನೆ ಶುಕ್ರವಾರ ರಾಜಾಜಿನಗರದ ಥಿಯೇಟರಿನಲ್ಲಿ ನನ್ನ ಮೊಮ್ಮಗಳ ಹೆಸರು ಪರದೆ ತುಂಬ ಬಂತು. ‘ನಿರ್ದೇಶನ: ಸಿಂಚನ’. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಆ ಮೂರಕ್ಷರ ಓದಲು ಯಾರ ಸಹಾಯವೂ ಬೇಕಾಗಲಿಲ್ಲ. ಎದ್ದು ನಿಂತು ಚಪ್ಪಾಳೆ ಹೊಡೆದೆ. (ಹಿಂದೆ ಕೂತವರಿಗೆ ಅಡ್ಡವಾಗಲಿಲ್ಲ. ಹಿಂದೆ ಯಾರೂ ಇರಲೇ ಇಲ್ಲ!)

ಒಟ್ಟು ಏಳು ಜನ. ಅದರಲ್ಲಿ ನಾಲ್ವರು ನಮ್ಮ ಮನೆಯವರೇ.

ನಿರ್ಮಾಪಕರು ಕಾಮಾಕ್ಷಿಪಾಳ್ಯದ ರುದ್ರಣ್ಣ. ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಮೊಬೈಲ್ ಬಂತು, ಅವರು ಬೋರ್ಡು ಇಳಿಸಲಿಲ್ಲ. ಈಗ ಅದೇ ಹೆಸರಿನಲ್ಲಿ ಸಿನಿಮಾ ಕಂಪನಿ. ನಾನು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಾಗ, ಶನಿವಾರ ನಮ್ಮ ಕೆಲಸ ಬಿಡುವ ತನಕ ಅವರು ಅಂಗಡಿ ಷಟರ್ ಎಳೆಯುತ್ತಿರಲಿಲ್ಲ. ಹೊಸ ಕ್ಯಾಸೆಟ್ ಬೇರೆ ಯಾರು ಕೇಳಿದರೂ, “ಅದು ಹೊಲಿಗೆಯೋರಿಗೆ ಎತ್ತಿಟ್ಟಿರೋದು ಸಾರ್” ಅನ್ನುತ್ತಿದ್ದರು.

ಕ್ಯಾಸೆಟ್ ಎಲ್ಲಿ ಸವೆದಿದೆಯೋ, ಜನ ಅಲ್ಲೇ ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ನೋಡಿದ್ದಾರೆ ಅನ್ನೋದು ರುದ್ರಣ್ಣನ ಲೆಕ್ಕ. ನಾವು ವಾಪಸ್ ಕೊಟ್ಟದ್ದರಲ್ಲಿ ಫೈಟು ಹೊಸದರಂತೆ ಇರುತ್ತಿತ್ತಂತೆ. ಸವೆಯುತ್ತಿದ್ದುದು ಹೆಂಗಸರು ಕೂತು ಹರಟಿ ನಗುವ ಸೀನು.

“ಅಂಥ ಸೀನೇ ತುಂಬಿರೋ ಪಿಕ್ಚರ್ ಮಾಡಮ್ಮ” ಅಂದರು ಸಿಂಚನಾಳಿಗೆ. ಮಾಡಿದಳು. ಗಾರ್ಮೆಂಟ್ಸ್ ಹೆಂಗಸರ ಕಥೆ. ನಮ್ಮ ಕಥೆ!

ಅದಕ್ಕೆ ಸಿಕ್ಕಿದ್ದೇನು? ದಿನಕ್ಕೊಂದೇ ಷೋ. ಬೆಳಿಗ್ಗೆ ಒಂಬತ್ತೂವರೆಗೆ!

ಸಿನಿಮಾ ಮುಗಿದ ಮೇಲೆ ರುದ್ರಣ್ಣ ಮ್ಯಾನೇಜರ್ ಮುಂದೆ ಕೈ ಮುಗಿದರು. “ಭಾನುವಾರದ ತನಕ ಇಡಿ ಸಾರ್. ಅವತ್ತು ಗಾರ್ಮೆಂಟ್ಸ್ ಹೆಂಗಸರಿಗೆ ರಜ, ಬರ್ತಾರೆ.”

“ಜನ ಇಲ್ವಲ್ಲ ಸಾರ್. ನಾಳೆಯಿಂದ ತೆಗೀತಾ ಇದೀವಿ.”

ನನಗೆ ತಡೆಯಲಾಗಲಿಲ್ಲ. “ನೆಂಟರನ್ನ ಬೆಳಗಿನ ಜಾವ ಊಟಕ್ಕೆ ಕರೆದು, ಯಾರೂ ಬರ್ಲಿಲ್ಲ ಅಂತ ಎಲೆ ಎತ್ತಿಬಿಡ್ತೀಯೇನಪ್ಪಾ?”

ಆತ ನಕ್ಕ. “ಅಜ್ಜಿ ಡೈಲಾಗ್ ಚೆನ್ನಾಗಿದೆ. ಪಿಕ್ಚರಲ್ಲಿ ಹಾಕ್ಬೇಕಿತ್ತು.”

ಸಿಂಚನ ನನ್ನ ಸೆರಗು ಎಳೆದಳು. “ಬಾ ಅಜ್ಜಿ, ಸಾಕು.” ಎರಡು ವರ್ಷ ನಿದ್ದೆಗೆಟ್ಟು ಮಾಡಿದ ಸಿನಿಮಾ. ಒಂದೇ ದಿನಕ್ಕೆ ಪೋಸ್ಟರ್ ಇಳಿಯಿತು. ಸಾಕಂತೆ! ಯಾಕೆ ಸಾಕು?

ನಮ್ಮ ಹೆಂಗಸರು ಬರಲಿಲ್ಲ, ನಿಜ. ಆದರೆ ಮ್ಯಾನೇಜರ್ ಸಾಹೇಬರೇ, ಬೆಳಿಗ್ಗೆ ಒಂಬತ್ತೂವರೆಗೆ ನಿಮ್ಮ ಷರ್ಟಿನ ಕಾಲರ್ ಹೊಲಿಯುತ್ತಾ ಕೂತಿರುವವರು ಯಾರು?