ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ‘ಹೋಲ್ಡಾನ್’

“ಎರಡೂ ಕಿವಿ ಕಾಣಬೇಕ್ರಿ...” ಅಂತಿದ್ದನೋ,
“ಕಿವಿ ಕಂಡ್ರನ ಮನಷ್ಯಾ ಕಂಡಂಗ” ಅಂತಿದ್ದನೋ...
ಈಗ ಸರಿಯಾಗಿ ನೆನಪಾಗುತ್ತಿಲ್ಲ.
ಪಾಸ್‌ಪೋರ್ಟ್ ಫೋಟೋಗೆಂದು ಸ್ಟೂಲಿನ ಮೇಲೆ ಕೂತವರಿಗೆಲ್ಲ ಹೇಳುತ್ತಿದ್ದ ಮಾತು ಅದು.

ಬೆಳಿಗ್ಗೆಯಿಂದ ಗ್ರೂಪುಗಳಲ್ಲಿ ಓಡಾಡುತ್ತಿರುವ ಅವನ ಫೋಟೋದಲ್ಲಿ ಎರಡೂ ಕಿವಿ ಕಾಣುತ್ತಿವೆ.
ಸುತ್ತ ಯಾರೋ ಹೂವಿನ ಚೌಕಟ್ಟು ಹಾಕಿದ್ದಾರೆ...
ಮುದ್ದೇಬಿಹಾಳದ ಫೋಟೋ ಸ್ಟುಡಿಯೊ ಶಬ್ಬೀರ್ ಇನ್ನಿಲ್ಲ ಎಂದು ಬರೆದಿದ್ದಾರೆ.
ಬೇರೆ ಯಾವನೋ ಶಬ್ಬೀರ್ ಇರಬೇಕು ಅಂದುಕೊಂಡೆ.
ಆದರೆ ಕಿವಿ ಇವನವೇ.

ಅವನ ಮಗನಿಗೆ ಫೋನ್ ಮಾಡಿದೆ.
“ಹೌದ್ರಿ ಕಾಕಾ... ಅಬ್ಬಾ ಚಾ ಕುಡಕೋತ ಕುಂತಿದ್ರು, ಹಂಗ...”
ಅಷ್ಟೇ.

ನಿಡಗುಂದಿಯಲ್ಲಿ ಮುದ್ದೇಬಿಹಾಳದ ಬಸ್ಸಿಗೆ ಕಾಯುತ್ತ ನಿಂತು ಇದನ್ನು ಬರೆಯುತ್ತಿದ್ದೇನೆ.
ದುಃಖ ಇನ್ನೂ ಹತ್ತಿರ ಬಂದಂತಿಲ್ಲ.
ಹಳೆಯದೊಂದು ಕುತೂಹಲ ಮಾತ್ರ ಎದ್ದು ಕೂತಿದೆ...

ಈ ಫೋಟೋ ಯಾವಾಗಿನದು ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತಿರಲಿಕ್ಕಿಲ್ಲ.
ಇಪ್ಪತ್ತು ವರ್ಷಗಳ ಹಿಂದೆ ಟಿವಿಯಲ್ಲಿ ಒಂದು ರೇಸ್ ಬರುತ್ತಿತ್ತು.
ಇಬ್ಬಿಬ್ಬರ ಟೀಮು. ಊರಿಂದ ಊರಿಗೆ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು, ಅಲ್ಲಿ ಹೇಳಿದ ಕೆಲಸ ಮಾಡಬೇಕು. ಎಲ್ಲರಿಗಿಂತ ಕೊನೆಗೆ ಮುಟ್ಟಿದ ಟೀಮು ಮನೆಗೆ.
ಆ ಸೀಸನ್ನಿನ ಮೊದಲ ಎಪಿಸೋಡುಗಳು ನಮ್ಮ ಕಡೆಯವು... ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ.
ಇಂಡಿ ದಾಟಿದವರಿಗೆ ಸಿಂಗಾಪುರದ ವಿಮಾನ.

ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ನಾನು, ಫೋಟೋ ತೆಗೆಯುತ್ತಿದ್ದ ಅವನು...
ನಾವೊಂದು ಟೀಮು.
ನಮ್ಮಿಬ್ಬರ ಹೆಸರು ಕಳಿಸಿದ್ದು ಅವನೇ.
“ಊರ ಮಂದೀನ್ನೆಲ್ಲಾ ಪಾಸ್‌ಪೋರ್ಟಿಗಂತ ಕೂಡ್ರಿಸೇನಿ. ದುಬೈಕ ಹೋದ್ರು, ಹಜ್‌ಕ ಹೋದ್ರು. ಆ ಸ್ಟೂಲ್ ಮ್ಯಾಲ ನಾ ಒಮ್ಮೆರ ಕುಂತೇನೇನೋ ಮಾಸ್ತರ?”

ಆ ರೇಸಿಗಾಗಿ ಕೂತ.
ಕ್ಯಾಮೆರಾಕ್ಕೆ ಟೈಮರ್ ಇಟ್ಟು, ಓಡಿ ಹೋಗಿ ಸ್ಟೂಲ್ ಹತ್ತಿ, “ಗದ್ದ ಸ್ವಲ್ಪ ಮ್ಯಾಲ” ಅಂತ ತನಗೆ ತಾನೇ ಹೇಳಿಕೊಂಡ.
ಈ ಫೋಟೋ ಅದು.

ಶಬ್ಬೀರ್...
ಸಿಂದಗಿ ಬಸ್‌ಸ್ಟ್ಯಾಂಡಿಗೆ ಬರೋಣ.

ಆಗ ಉಳಿದದ್ದು ಮೂರೇ ಟೀಮು. ಒಂದು ಆಗಲೇ ಇಂಡಿ ಮುಟ್ಟಿತ್ತು. ಹಿಂದೆ ಇದ್ದವರು ನಾವು ಮತ್ತು ಮೈಸೂರಿನ ಅಣ್ಣ-ತಂಗಿ.
ನಾವು ಬಸ್ಸಿನೊಳಗೆ ಕೂತಿದ್ದೆವು. ಅವರ ಪತ್ತೆ ಇರಲಿಲ್ಲ. ಮುಂದಿನ ಬಸ್ಸಿಗೆ ಬಹಳ ಹೊತ್ತಿತ್ತು.
ಕಂಡಕ್ಟರ್ “ರೈಟ್” ಅಂದ. ಬಸ್ಸು ಹೊರಳಿತು.
ನಾನು ಮನಸ್ಸಿನಲ್ಲಿ ಸಿಂಗಾಪುರಕ್ಕೆ ಹೋಗಿ ಇಳಿದಿದ್ದೆ...

ನೀನು ಹಿಂದಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಒದರಿದೆ.
“ಹೋಲ್ಡಾನ್! ಹೋಲ್ಡಾನ್ರೀ! ಇಬ್ರು ಓಡಿ ಬರಾಕತ್ತಾರ!”

ಬಸ್ಸು ನಿಂತಿತು.
ಹತ್ತಿದವರು ಅವರೇ.
“ತುಂಬಾ ಥ್ಯಾಂಕ್ಸ್ ಸರ್” ಅಂದ ಅಣ್ಣ, ಏದುಸಿರು ಬಿಡುತ್ತ.
ಬುಟ್ಟಿ ಹಿಡಿದು ಕೂತಿದ್ದ ಅಜ್ಜಿ “ಪುಣ್ಯಾ ಬರ್ಲೆಪಾ ನಿನಗ” ಅಂದಳು.
ನಾನು ನಿನ್ನ ತೋಳು ಹಿಡಿದು ಎಳೆದೆ.
“ಏನ್ ಮಾಡಿದ್ಯೋ ಮಾರಾಯಾ! ಅವರನ್ನ ಬಿಟ್ಟು ಹೋಗೂದನ ಆಟ ಐತಿ!”
“ಆತಲ್ಲ ಬಿಡೋ ಮಾಸ್ತರ. ಈಗ ಇಳಸಾಕ ಬರ್ತೈತೇನು?”

ಆಮೇಲೆ ಆ ತಂಗಿಗೆ ನಿನ್ನ ಸೀಟು ಬಿಟ್ಟುಕೊಟ್ಟೆ. ಇಬ್ಬರ ಕೈಗೂ ಶೇಂಗಾ ಹಾಕಿದೆ.
ಇಂಡಿಯಲ್ಲಿ ಇಳಿದು ಓಡಬೇಕಿತ್ತು.
ಅವರದು ಹರೆಯದ ಕಾಲು. ನಮ್ಮದು ಮುಗಿಯಿತು.

ಆಂಕರ್ ಹುಡುಗಿ ಮೈಕ್ ಹಿಡಿದು ಕೇಳಿದಳು, “ನೀವು ಬಸ್ ಯಾಕೆ ನಿಲ್ಲಿಸಿದ್ರಿ ಸರ್?”
“ನಾ ಎಲ್ಲಿ ನಿಲ್ಲಿಸೇನ್ರಿ? ನಾ ಬರೇ ಒದರಿದೆ. ನಿಲ್ಲಿಸಿದಾಂವ ಡ್ರೈವರ್!”

ಊರು ನಕ್ಕಿತು.
ವರ್ಷಗಟ್ಟಲೆ ಆಟೋದವರು ನಿನ್ನನ್ನು ಕಂಡರೆ “ಶಬ್ಬೀರಣ್ಣಾ, ಹೋಲ್ಡಾನ್!” ಅಂತ ಕೂಗುತ್ತಿದ್ದರು.
ನೀನು ಪ್ರತಿ ಸಲವೂ ನಿಲ್ಲುತ್ತಿದ್ದೆ... ಬೈಕಿನ ಮೇಲಿದ್ದರೂ.
ನಾನೂ ಕೇಳಿದವರಿಗೆಲ್ಲ ಹೇಳಿದೆ. ನಮ್ಮ ಕಡೆ ಬಸ್ಸಿನ ಹಿಂದೆ ಯಾರಾದರೂ ಓಡಿ ಬಂದರೆ ಬಾಯಿ ತಾನೇ ಒದರುತ್ತದೆ, ಯಾರು, ಏನು ಎಂದು ನೋಡುವುದಿಲ್ಲ ಅಂತ.
ಎಲ್ಲರೂ ಒಪ್ಪಿದರು. ಬಹುಶಃ ಅದೇ ನಿಜ.

ಆದರೆ ಆ ಎಪಿಸೋಡನ್ನು ನಿನ್ನ ಸ್ಟುಡಿಯೊದಲ್ಲೇ ಕೂತು ನೋಡಿದೆವಲ್ಲ...
ನೀನು ಒದರಿದ್ದನ್ನು ಟಿವಿಯವರು ಸ್ಲೋ ಮೋಷನ್ನಿನಲ್ಲಿ ತೋರಿಸಿದರು.
ನೀನು ಹಣೆಗೆ ಕೈ ಅಡ್ಡ ಹಿಡಿದು ಹೊರಗೆ ನೋಡುತ್ತೀಯಾ.
ಒಳಗೆ ತಿರುಗಿ ನನ್ನನ್ನು ನೋಡುತ್ತೀಯಾ. ನಾನು ಬಗ್ಗಿ ಬೂಟಿನ ಲೇಸ್ ಕಟ್ಟುತ್ತಿದ್ದೇನೆ.
ಮತ್ತೆ ಹೊರಗೆ ನೋಡುತ್ತೀಯಾ.
ಆಮೇಲೆ ಒದರುತ್ತೀಯಾ.

ತಾನಾಗಿ ಒದರುವ ಬಾಯಿಗೆ ಅಷ್ಟು ಹೊತ್ತು ಬೇಕೇ?

ಅದೂ ನೀನು...
ಎಷ್ಟೋ ವರ್ಷದ ಮೇಲೆ ಅಂಗಡಿಗೆ ಬಂದವರಿಗೆ “ನಿಮ್ಮ ಎಸ್ಸೆಸ್ಸೆಲ್ಸಿ ಫೋಟೋ ನಾನ ತಗದಿದ್ನೆಲ್ರಿ” ಅನ್ನುತ್ತಿದ್ದವನು.
ಒಮ್ಮೆ ಕಂಡ ಮುಖ ಮರೆತವನಲ್ಲ.

ಅವತ್ತು ಟಿವಿ ಆರಿಸಿ ನೀನು ಚಹಾ ತರಿಸಿದೆ. ನಾನು ಕೇಳಲಿಲ್ಲ.
ಆಮೇಲೆ ನೀನು ವಿಮಾನ ಹತ್ತಲೇ ಇಲ್ಲ.
ಪಾಸ್‌ಪೋರ್ಟಿನ ಅವಧಿ ಮುಗಿಯಿತು. ಈ ಫೋಟೋ ಶೋಕೇಸಿನ ಗಾಜಿನೊಳಗೆ ಸೇರಿತು.
“ಇದು ನಿಮ್ದನ?” ಅಂತ ಯಾರಾದರೂ ಕೇಳಿದರೆ “ಸ್ಯಾಂಪಲ್ ಐತ್ರಿ” ಅನ್ನುತ್ತಿದ್ದೆ.

ಇಲ್ಲಿ ಬಸ್ಸು ಬಂತು...
ನಿನ್ನ ಮಣ್ಣಿಗೆ ಬರುತ್ತಿದ್ದೇನೆ.

ಯಾವ ಅವಸರವೂ ಇಲ್ಲದ ಕಡೆ ನಿನ್ನ ಜೀವ ತಣ್ಣಗಿರಲಿ, ಗೆಳೆಯಾ.

ಒಂದು ಹೇಳು...
ಒದರೂಕಿಂತ ಮೊದ್ಲ, ಅವರ ಮುಖ ನಿನಗ ಕಂಡಿದ್ವೇನೋ?