ನಾನು ಹೇಳದೆ ಹೋದ ಸಾಕ್ಷಿ

ನನ್ನ ಸುಳ್ಳಿನ ಫಲವನ್ನು ಉಂಡವರು ಸ್ಟೆಲ್ಲಾ ಅಕ್ಕ. ಕೆಲಸ ಹೋದದ್ದು ಅವರದು. ಹಾಸ್ಟೆಲಿನ ಕೋಣೆ ಹೋದದ್ದು ಅವರದು. ಲಷ್ಕರ್ ಮೊಹಲ್ಲಾದ ಬೀದಿಯಲ್ಲಿ ತಲೆಯೆತ್ತಿ ನಡೆಯುವಂತಿಲ್ಲದೆ ಇಲವಾಲದ ತಂಗಿಯ ಮನೆ ಸೇರಿಕೊಂಡವರೂ ಅವರೇ. ನನಗೆ ಏನೂ ಆಗಲಿಲ್ಲ. ಆ ವರ್ಷವೇ ನನ್ನ ಕೆಲಸ ಕಾಯಂ ಆಯಿತು.

ಸತ್ಯ ನನಗೆ ಗೊತ್ತಿತ್ತು. ಕೇಳಿದಾಗ ಹೇಳಲಿಲ್ಲ. ಇದನ್ನು ದೌರ್ಬಲ್ಯವೆಂದೋ ಸಂದರ್ಭದ ಒತ್ತಡವೆಂದೋ ಕರೆದು ಹಗುರ ಮಾಡಿಕೊಳ್ಳಲಾರೆ. ಇದರ ಹೆಸರು ಸುಳ್ಳುಸಾಕ್ಷಿ. ಚರ್ಚಿನ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ‘ಸುಳ್ಳುಸಾಕ್ಷಿ ಹೇಳಬಾರದು’ ಎಂಬ ಆಜ್ಞೆಯನ್ನು ಬಾಯಿಪಾಠ ಮಾಡಿಸುತ್ತಿದ್ದವಳೂ ನಾನೇ.

ನಮ್ಮ ಚರ್ಚಿನ ಟ್ರಸ್ಟು ಒಂದು ಶಾಲೆಯನ್ನೂ ಅದರ ಹಿಂದೆ ಹೆಣ್ಣುಮಕ್ಕಳ ಹಾಸ್ಟೆಲನ್ನೂ ನಡೆಸುತ್ತದೆ. ನಾನು ಶಾಲೆಯಲ್ಲಿ ಟೀಚರ್. ಸ್ಟೆಲ್ಲಾ ಅಕ್ಕ ಹಾಸ್ಟೆಲಿನ ವಾರ್ಡನ್. ಒಂದು ಮಧ್ಯಾಹ್ನ ನಾವಿಬ್ಬರೂ ಊಟದ ಕೋಣೆಯಲ್ಲಿದ್ದಾಗ ಟ್ರಸ್ಟಿನ ಕಾರ್ಯದರ್ಶಿಗಳು ಬಂದರು.

“ಸಂಜೆ ಆರಾದ ಮೇಲೆ ಹಿಂದಿನ ಬಾಗಿಲಿಗೆ ಬೀಗ ಹಾಕ್ಬುಡಿ ಕಣಮ್ಮ. ಬೀಗದ ಕೈ ನನ್ನ ಆಫೀಸಲ್ಲಿರ್ಲಿ. ಹೆಣ್ಮಕ್ಳು, ಆಮೇಲೆ ಯಾರು ಜವಾಬ್ದಾರಿ?”

“ಮುಂದಿನ ಬಾಗಿಲು ಅಡುಗೆಮನೆ ಪಕ್ಕದಲ್ಲೇ ಇದೆ ಸಾರ್. ಬೆಂಕಿಗಿಂಕಿ ಬಿದ್ರೆ?” ಎಂದರು ಅಕ್ಕ.

“ನಿಮ್ಮ ಸಾರಿನ ಖಾರಕ್ಕಾ ಬೆಂಕಿ ಬೀಳೋದು?”

ಅವರು ನಕ್ಕರು. ನಾನೂ ನಕ್ಕೆ — ಇದನ್ನೂ ಹೇಳಿಬಿಡಬೇಕು. ರಕ್ಷಣೆಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಕೂಡಿಹಾಕುವ ವ್ಯವಸ್ಥೆಯ ವಿರುದ್ಧ ಲೇಖನ ಬರೆಯುತ್ತಿದ್ದ ನಾನು, ಆ ವ್ಯವಸ್ಥೆ ಎದುರಿಗೆ ನಿಂತು ತಮಾಷೆ ಮಾಡಿದಾಗ, ಅದಕ್ಕೆ ನಗುವನ್ನು ಕೊಟ್ಟೆ.

ಒಂದು ರಾತ್ರಿ ಬೆಂಕಿ ಬಿತ್ತು. ದೊಡ್ಡದೇನಲ್ಲ — ಒಲೆಯ ಮೇಲಿನ ಎಣ್ಣೆ ಹೊತ್ತಿಕೊಂಡದ್ದು. ಆದರೆ ಹೊಗೆ ಮುಂದಿನ ದಾರಿಯನ್ನೆಲ್ಲ ತುಂಬಿತು. ಮಕ್ಕಳು ಹಿಂದಿನ ಬಾಗಿಲಿಗೆ ಓಡಿದರು, ಬೀಗ. ಸ್ಟೆಲ್ಲಾ ಅಕ್ಕ ಸ್ಟೂಲಿನಿಂದ ಕಿಟಕಿಯ ಗಾಜು ಒಡೆದು ಒಬ್ಬೊಬ್ಬರನ್ನೇ ಹೊರಗೆ ಇಳಿಸಿದರು. ಎಲ್ಲರೂ ಉಳಿದರು. ಲೀನಾ ಎಂಬ ಹುಡುಗಿಯ ಮುಂಗೈಯನ್ನು ಗಾಜು ಸೀಳಿತು. ಆ ಕೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ.

ವಿಚಾರಣೆ ಚರ್ಚಿನ ಪಕ್ಕದ ಕೋಣೆಯಲ್ಲಿ ನಡೆಯಿತು. ವಾರ್ಡನ್ ತಾನಾಗಿಯೇ ಬೀಗ ಹಾಕಿಸಿದರೆಂದು ಕಾರ್ಯದರ್ಶಿಗಳು ಹೇಳಿದರು. ಸ್ಟೆಲ್ಲಾ ಅಕ್ಕ ನನ್ನ ಕಡೆ ಕೈ ತೋರಿಸಿ, “ಸುಗುಣ ಇದ್ಲು. ಅವಳನ್ನೇ ಕೇಳಿ” ಎಂದರು — ಎಷ್ಟು ನಿಶ್ಚಿಂತೆಯಿಂದ ಹೇಳಿದರೆಂದರೆ...

ಕೇಳಿದರು. ನಾನು ಹೇಳಿದ ಮಾತು ಇಷ್ಟೇ: “ನನಗೆ ನೆನಪಿಲ್ಲ.”

ನನ್ನನ್ನು ಯಾರೂ ಬೆದರಿಸಿರಲಿಲ್ಲ. ಕೆಲಸ ಹೋದೀತು, ಕಾಂಪೌಂಡಿನೊಳಗಿನ ಮನೆ ಬಿಡಬೇಕಾದೀತು, ಚರ್ಚಿನ ಸಭೆ ಒಡೆದವಳು ಎಂಬ ಹೆಸರು ಬಂದೀತು — ಇಷ್ಟನ್ನೂ ನಾನೇ ಊಹಿಸಿಕೊಂಡು, ನಾನೇ ಹೆದರಿದೆ. ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅವರನ್ನು ವಜಾ ಮಾಡಿದ ನಿರ್ಣಯವನ್ನು ಪೀಠದಿಂದ ಓದಿದರು. ನಾನು ಗಾಯನ ಮಂಡಳಿಯ ಸಾಲಿನಲ್ಲಿ ನಿಂತು ಕೇಳಿದೆ.

ಆಮೇಲಿನ ವರ್ಷಗಳಲ್ಲಿ ನನ್ನ ದನಿ ಜೋರಾಯಿತು. ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳನ್ನು ಒಳಗಿಟ್ಟು ಬಾಗಿಲಿಗೆ ಬೀಗ ಹಾಕುತ್ತಾರೆಂದು ಮೆರವಣಿಗೆ ಮಾಡಿದೆ. ಹೌದು, ಬೀಗದ ವಿರುದ್ಧವೇ. ಬೇರೆಯವರ ಬೀಗದ ವಿರುದ್ಧ.

ನಮ್ಮ ಸಭೆಗಳಲ್ಲಿ ಪಾದ್ರಿಗಳ ಪ್ರಸಂಗಕ್ಕೆ ಮೊದಲು ಒಬ್ಬಿಬ್ಬರು ಎದ್ದು, ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಹೇಳುತ್ತಾರೆ. ಅದಕ್ಕೆ ಸಾಕ್ಷಿ ಹೇಳುವುದು ಎನ್ನುತ್ತೇವೆ. ನಾನು ಚೆನ್ನಾಗಿ ಸಾಕ್ಷಿ ಹೇಳುವವಳು ಎಂದು ಹೆಸರಾಗಿದ್ದೆ. ಹೋದ ವರ್ಷ ವಿಜಯನಗರದ ಮಹಿಳಾ ಕೂಟದಲ್ಲಿ, ಮೆರವಣಿಗೆಯಲ್ಲಿ ಪೊಲೀಸರ ಎದುರು ನಿಂತಾಗ ಕರ್ತನು ನನ್ನ ಭಯವನ್ನು ಹೇಗೆ ತೆಗೆದುಹಾಕಿದನೆಂದು ಹೇಳಿದೆ. ಕೆಲವರು ಕಣ್ಣೊರೆಸಿಕೊಂಡರು. ಚಹಾದ ಹೊತ್ತಿಗೆ ಹಿಂದಿನ ಬೆಂಚಿನಿಂದ ಎದ್ದು ಬಂದವರು ಸ್ಟೆಲ್ಲಾ ಅಕ್ಕ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಚೆನ್ನಾಗಿ ಸಾಕ್ಷಿ ಹೇಳ್ತೀಯ ಕಣೇ,” ಎಂದರು ನಗುತ್ತಾ. “ಒಂದ್ ಸಲ ನಂಗೂ ಹೇಳ್ಬೇಕಿತ್ತು.”

ಒಂದೇ ಪದ. ಅಷ್ಟು ವರ್ಷ ಅದನ್ನು ಚರ್ಚಿನಲ್ಲಿ ಒಂದರ್ಥಕ್ಕೂ ವಿಚಾರಣೆಯ ಕೋಣೆಯಲ್ಲಿ ಇನ್ನೊಂದರ್ಥಕ್ಕೂ ಇಟ್ಟುಕೊಂಡು ಬದುಕಿದ್ದೆ. ಅವರು ಎರಡನ್ನೂ ಒಂದು ಮಾಡಿ ನನ್ನ ಕೈಗಿಟ್ಟರು, ಬಿಸ್ಕತ್ತಿನ ತಟ್ಟೆಯ ಜೊತೆಗೆ.

ಆ ವಾರವೇ ಬಸ್ಸು ಹತ್ತಿ ಇಲವಾಲಕ್ಕೆ ಹೋದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ವಾಕ್ಯಗಳು ಅರ್ಧಕ್ಕೇ ನಿಂತವು.

“ಅಕ್ಕ, ನಾನು...”

“ಗೊತ್ತು, ಕೂತ್ಕೊ. ಆವಾಗ್ಲೇ ಕ್ಷಮಿಸ್ಬುಟ್ಟೆ ಕಣೇ. ದಿನಾ ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡ್ತಿದ್ದೆ. ಮೊದಮೊದ್ಲು ಬೈದ್ಕೊಂಡೇ ಮಾಡ್ತಿದ್ದೆ — ದೇವ್ರಿಗೂ ಬೇಜಾರಾಗಿರ್ಬೇಕು.” ಒಂದು ಹಿಡಿ ಕಾಯಿಯನ್ನು ನನ್ನ ಮಡಿಲಿಗೆ ಹಾಕಿದರು. “ನಿನ್ನನ್ನ ಕ್ಷಮಿಸಿ ಆಯ್ತು. ಆ ಸುಳ್ಳನ್ನ ಏನ್ ಮಾಡ್ತೀಯ? ಆ ಬಾಗ್ಲಿಗೆ ಈಗ್ಲೂ ಬೀಗ ಹಾಕ್ತಾರಂತಲ್ಲ?”

ಹಾಕುತ್ತಾರೆ. ನನಗೆ ಗೊತ್ತಿತ್ತು. ದಿನವೂ ಅದರ ಮುಂದೆಯೇ ಹಾದುಹೋಗುತ್ತಿದ್ದೆ.

ನಾನು ತಪ್ಪೊಪ್ಪಿಕೊಳ್ಳುವ ಎಷ್ಟೋ ವರ್ಷ ಮೊದಲೇ ಕ್ಷಮೆ ಬಂದು ನನಗಾಗಿ ಕಾಯುತ್ತಿತ್ತು. ಕೃಪೆಯ ಬಗ್ಗೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಅದರ ಭಾರ ತಿಳಿದದ್ದು ಅವರೆಕಾಯಿ ಹಿಡಿದು ಆ ಜಗಲಿಯಲ್ಲಿ ಕೂತಾಗ. ಕ್ರಿಸ್ತನೂ ನನ್ನನ್ನು ಹೀಗೆಯೇ ಮೊದಲೇ ಕ್ಷಮಿಸಿ ಕಾದಿರುವನಾದರೆ, ಕಾರ್ಯದರ್ಶಿಗಳು ನನ್ನಿಂದ ಇನ್ನು ಏನನ್ನು ಕಿತ್ತುಕೊಳ್ಳಬಲ್ಲರು? ಕೆಲಸವನ್ನು, ಮನೆಯನ್ನು. ಅಷ್ಟೇ.

ಮುಂದಿನ ಭಾನುವಾರ ಲಷ್ಕರ್ ಮೊಹಲ್ಲಾದ ಚರ್ಚಿನಲ್ಲಿ ಸಾಕ್ಷಿಯ ಸಮಯಕ್ಕೆ ಎದ್ದು ನಿಂತೆ. ಭಯ ಮಾಯವಾಯಿತೆಂದು ಈ ಸಲ ಹೇಳುವುದಿಲ್ಲ. ಅದು ನನ್ನ ಜೊತೆಗೇ ನಿಂತಿತ್ತು. ಬಾಯಿಯನ್ನು ಮಾತ್ರ ಮುಚ್ಚಿಸಲಾಗಲಿಲ್ಲ. ಬೀಗ ಹಾಕಲು ಹೇಳಿದ್ದು ಯಾರು, ಕೇಳಿಸಿಕೊಂಡು ನಕ್ಕದ್ದು ಯಾರು, ನೆನಪಿಲ್ಲವೆಂದದ್ದು ಯಾರು — ಎಲ್ಲವನ್ನೂ ಹೇಳಿದೆ. ಹಿಂದಿನ ಬೆಂಚಿನವರು ಸೆರಗು ಜಗ್ಗಿ, “ಕೂತ್ಕೊಳ್ರೀ ಟೀಚರ್, ಸಭೆ ಮರ್ಯಾದೆ ಹೋಗುತ್ತೆ” ಎಂದರು. ಮುಗಿಸಿಯೇ ಕೂತೆ.

ಹೊರಗೆ ಕಾರ್ಯದರ್ಶಿಗಳು ಮೆಲ್ಲಗೆ, “ವಯಸ್ಸಾಯ್ತು ಟೀಚರ್, ನಿಮ್ಗೆ ಮರೆವು” ಎಂದರು.

“ಮರೆವು ಆಗ ಇತ್ತು ಸಾರ್. ಈಗ ವಾಸಿಯಾಗಿದೆ.”

ಕಾಂಪೌಂಡಿನ ಮನೆ ಬಿಡಬೇಕಾಯಿತು. ಕೆಲಸಕ್ಕೆ ನಾನೇ ರಾಜೀನಾಮೆ ಕೊಟ್ಟೆ. ಈಗ ವಿಜಯನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನೆಮ್ಮದಿಯಾಗಿದ್ದೇನೆ. ಶನಿವಾರಗಳಲ್ಲಿ ಸ್ಟೆಲ್ಲಾ ಅಕ್ಕ ಬಂದು ನನ್ನ ಅಡುಗೆಗೆ ಹೆಸರಿಡುತ್ತಾರೆ. ಆದರೆ ನನ್ನ ನೆಮ್ಮದಿ ಅವರ ಕಳೆದುಹೋದ ವರ್ಷಗಳಿಗೆ ಪರಿಹಾರವಲ್ಲ, ಲೀನಾಳ ಬೆರಳುಗಳಿಗೂ ಅಲ್ಲ. ಆ ಸಾಲ ನನ್ನ ಮೇಲೆಯೇ ಇರುತ್ತದೆ.

ಕಾರ್ಯದರ್ಶಿಗಳೇ, ಆಡಳಿತ ಮಂಡಳಿಯವರೇ — ನನ್ನ ಪಾಲಿನ ಸಾಕ್ಷಿಯನ್ನು ಹೇಳಿದ್ದೇನೆ. ಸ್ಟೆಲ್ಲಾ ಅಕ್ಕನ ವಜಾ ನಿರ್ಣಯವನ್ನು ಓದಿದ ಅದೇ ಪೀಠದಿಂದ, ಬರುವ ಭಾನುವಾರ, ಅವರು ನಿರಪರಾಧಿ ಎಂದು ಲೀನಾಳ ತಂದೆತಾಯಿಯ ಎದುರಿನಲ್ಲಿ ಓದಿ. ಅಲ್ಲಿಯವರೆಗೂ ಕಾಯಲಾಗದ ಕೆಲಸ ಇನ್ನೊಂದಿದೆ: ಇವತ್ತು ಸಂಜೆ ಆರಕ್ಕೆ ಮೊದಲು, ಮಕ್ಕಳು ಊಟಕ್ಕೆ ಕೂರುವ ಮುಂಚೆ, ಹಿಂದಿನ ಬಾಗಿಲಿನ ಬೀಗವನ್ನು ತೆಗೆಸಿ.