ಮನೆಯವರು ಹೇಳುವ ತನಕ ಯಾರೂ ಸತ್ತಿಲ್ಲ

ಎರಡು ಸಾವಿರದ ದಶಕದ ಶುರುವಿನಲ್ಲಿ ನಾನು ಹೊರನಾಡಿನ ಠಾಣೆ ನಗರದ ಒಂದು ಕನ್ನಡ ಪತ್ರಿಕೆಗೆ ಸೇರಿದೆ. ರಾಜಕೀಯ, ಕ್ರಿಕೆಟ್ಟು ಎಲ್ಲ ಹಿರಿಯರ ಪಾಲಿಗೆ ಹೋಗಿ, ಹೊಸಬನಾದ ನನಗೆ ಉಳಿದದ್ದು ನಿಧನ ವಾರ್ತೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಗೊತ್ತಾಯಿತು, ಡೊಂಬಿವಲಿಯಿಂದ ವಾಶಿಯವರೆಗಿನ ನಮ್ಮ ಕನ್ನಡದವರು ಪೇಪರು ಕೈಗೆ ಬಂದೊಡನೆ ತಿರುವುತ್ತಿದ್ದುದು ನನ್ನ ಪುಟವನ್ನೇ. ಅದನ್ನು ನೋಡಿಯೇ ಲೋಕಲ್ ಟ್ರೇನ್ ಹಿಡಿದು ಸತ್ತವರ ಮನೆಗೆ ಹೋಗಿ ಕೂತು ಬರುತ್ತಿದ್ದರು.

ಸಂಪಾದಕರದು ಒಂದೇ ಕಟ್ಟಪ್ಪಣೆ. ಮನೆಯವರು ಹೇಳುವ ತನಕ ಯಾರೂ ಸತ್ತಿಲ್ಲ. ಕನ್ನಡ ಸಂಘದ ಕಾರ್ಯದರ್ಶಿ ಖುದ್ದಾಗಿ ಫೋಟೊ ತಂದುಕೊಟ್ಟರೂ ನಾನು ಆ ಮನೆಗೆ ಫೋನ್ ಮಾಡಲೇಬೇಕು. ಅಳುತ್ತಿರುವವರ ಹತ್ತಿರ ವಯಸ್ಸು, ಊರು ಕೇಳುವುದು ಎಂಥ ಹಿಂಸೆಯೆಂದು ಮಾಡಿದವರಿಗೇ ಗೊತ್ತು. ಬೈಸಿಕೊಂಡಿದ್ದೇನೆ. ಆದರೆ ಬದುಕಿದ್ದ ಒಬ್ಬರನ್ನೂ ನನ್ನ ಪುಟ ಸಾಯಿಸಿದ್ದಿಲ್ಲ.

ಸ್ಟೇಷನ್ ಹತ್ತಿರ ಹೋಟೆಲ್ ನಡೆಸುತ್ತಿದ್ದ ಉಡುಪಿ ಕಡೆಯ ಹಿರಿಯರೊಬ್ಬರು, ನಾನು ತಿಂಡಿಗೆ ಹೋದಾಗಲೆಲ್ಲ ಗಲ್ಲಾದಿಂದಲೇ ಛೇಡಿಸುತ್ತಿದ್ದರು.

"ಎಂತ ಮಾರ್ರೆ, ಇವತ್ತು ಯಾರನ್ನು ಕಳಿಸಿದ್ರಿ? ನಂದು ಬರುವಾಗ ಒಳ್ಳೆ ಫೋಟೊ ಹಾಕಿ, ಆಯ್ತಾ. ಜನ ಸೇರ್ಬೇಕು. ಎಲ್ಲರ ಸಾವಿಗೂ ಹೋದವ ನಾನು."

ಅದು ಸುಳ್ಳಲ್ಲ. ನಮ್ಮವರ ಯಾವ ಮನೆಯಲ್ಲಿ ಸಾವಾದರೂ ಚಹಾದ ದೊಡ್ಡ ಥರ್ಮಾಸು ಹಿಡಿದು ಮೊದಲು ಮೆಟ್ಟಿಲು ಹತ್ತುತ್ತಿದ್ದವರು ಅವರೇ.

ಮುಂದೆ ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂತು. ಜಾಹೀರಾತು ಕಡಿಮೆಯಾಯಿತು, ಪುಟ ಕಡಿಮೆಯಾಯಿತು, ಕೊನೆಗೆ ಮುದ್ರಣವೇ ನಿಂತಿತು. ಉಳಿದದ್ದು ವೆಬ್‌ಸೈಟು ಮತ್ತು ಡೊಂಬಿವಲಿಯ ಮನೆಯಲ್ಲಿ ಕೂತು ಅದಕ್ಕೆ ಬರೆಯುವ ನಾನು. ವಾಶಿಯಲ್ಲಿ ಪತ್ರಿಕೋದ್ಯಮದ ಭವಿಷ್ಯದ ಬಗ್ಗೆ ಒಂದು ಗೋಷ್ಠಿ ಮಾಡಿದರು. ಬಂದವರೆಲ್ಲ ವೇಗ, ವೇಗ ಎಂದು ಭಾಷಣ ಬಿಗಿದರು. ಫೋನ್ ಮಾಡಿ ಕೇಳುವುದರ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ನಾನು ಊಟಕ್ಕೆ ನಿಲ್ಲದೆ ಬಂದುಬಿಟ್ಟೆ.

ಆ ಹಿರಿಯರು ಅಷ್ಟರಲ್ಲಿ ಹೋಟೆಲ್ ಮಾರಿ ಸಾನಪಾಡಾದಲ್ಲಿ ಮಗನ ಜೊತೆ ಇದ್ದರು. ಒಂದು ಬೆಳಿಗ್ಗೆ ನಮ್ಮವರ ವಾಟ್ಸಾಪ್ ಗುಂಪು ತೆರೆದರೆ ಅವರ ಫೋಟೊ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಅಭ್ಯಾಸದಂತೆ ಮನೆಗೆ ಫೋನ್ ಮಾಡಿದೆ. ಎತ್ತಿದವರು ಅವರೇ.

"ನಾನು ಇದ್ದೇನೆ ಮಾರ್ರೆ. ತೀರಿಕೊಂಡದ್ದು ಕಲ್ಯಾಣದವರು, ನಂದೇ ಹೆಸರು. ಯಾರೋ ಸಂಘದ ಫೋಟೊದಿಂದ ನನ್ನ ಮುಖ ಕತ್ತರಿಸಿ ಹಾಕಿದ್ದಾರೆ. ಸೊಸೆಗೆ ಫೋನ್ ಎತ್ತಿ ಎತ್ತಿ ಸಾಕಾಯ್ತು. ನಾನು ಬದುಕಿದ್ದೇನೆ ಅಂತ ನಿಮ್ಮ ಪೇಪರಲ್ಲಿ ಹಾಕಿ."

"ಪೇಪರು ಈಗ ಬರೋದಿಲ್ವಲ್ಲ. ವೆಬ್‌ಸೈಟಲ್ಲಿ ಹಾಕ್ತೀನಿ."

"ಅದನ್ನು ಯಾರು ನೋಡ್ತಾರೆ?" ಎಂದರು.

ಅವರು ಆರೋಗ್ಯವಾಗಿದ್ದಾರೆ, ಸುಳ್ಳು ಸುದ್ದಿ ಹಂಚಬೇಡಿ ಎಂದು ಸ್ಪಷ್ಟನೆ ಬರೆದು, ಕೆಳಗೆ ನನ್ನ ಹೆಸರು ಹಾಕಿ, ಎಲ್ಲ ಗುಂಪುಗಳಿಗೂ ಕಳಿಸಿದೆ. ಯಾರೂ ಕ್ಯಾರೇ ಎನ್ನಲಿಲ್ಲ. ಅದನ್ನೂ ಓದದೆ ಇಬ್ಬರು ಅದರ ಕೆಳಗೇ 'ಓಂ ಶಾಂತಿ' ಎಂದು ಬರೆದರು. ಮುಂದೆ ನೆರೂಲ್‌ನ ಒಂದು ಮದುವೆಯಲ್ಲಿ ಜನ ಅವರನ್ನು ಕಂಡು ಬೆಚ್ಚಿದರಂತೆ. ನಗುತ್ತಲೇ ನನಗೆ ಹೇಳಿದರು. ಆದರೆ ಆಮೇಲೆ ಮನೆಯಿಂದ ಹೊರಗೆ ಬರುವುದನ್ನು ಕಡಿಮೆ ಮಾಡಿದರು.

ಮರುವರ್ಷ ಅವರ ಮೊಮ್ಮಗ ಫೋನ್ ಮಾಡಿದ. ಇಲ್ಲೇ ಹುಟ್ಟಿದವನು, ಕನ್ನಡ ಅರ್ಥವಾದರೂ ಆಡುವುದು ಹಿಂದಿ.

"ಅಂಕಲ್, ಅಜ್ಜ ನಹೀ ರಹೇ. ಪಪ್ಪಾನೇ ಬೋಲಾ ಆಪ್ಕೋ ಬತಾನೇಕೋ."

ಅಜ್ಜ ತೀರಿಕೊಂಡರೆಂದು ಈ ಸಲ ಮನೆಯವರೇ ಹೇಳಿದ್ದಾಯಿತು. ಒಳ್ಳೆಯ ಫೋಟೊ ಹುಡುಕಿ, ಸುದ್ದಿ ಬರೆದು, ಗುಂಪುಗಳಿಗೆಲ್ಲ ಕಳಿಸಿದೆ. ಠಾಣೆಯಲ್ಲಿ ಗಾಡಿ ಬದಲಿಸಿ ಸಾನಪಾಡಾ ಮುಟ್ಟುವಷ್ಟರಲ್ಲಿ ಅವರನ್ನು ಸ್ಮಶಾನಕ್ಕೆ ತಂದಿದ್ದರು. ಅಲ್ಲಿದ್ದವರು ಮನೆಯ ಗಂಡಸರು, ಬಿಲ್ಡಿಂಗಿನ ಕೆಲವರು, ಹೋಟೆಲಿನ ಹಳೆಯ ಅಡುಗೆಭಟ್ಟರು, ಅಷ್ಟೇ. ಮಗ ಗೇಟಿನ ಕಡೆಗೇ ನೋಡುತ್ತಿದ್ದರು.

"ಇನ್ನು ಸ್ವಲ್ಪ ಕಾಯುವ ಅಲ್ವಾ? ಟ್ರೇನ್ ಲೇಟಿರ್ಬಹುದು. ಅಪ್ಪನಿಗೆ ಜನ ಬೇಕಿತ್ತು."

ನಾನು ಫೋನ್ ತೆಗೆದು ನೋಡಿದೆ. ನನ್ನ ಸುದ್ದಿಯ ಕೆಳಗೆ ಯಾರೋ, "ಹಳೇ ಫೇಕ್ ಮೆಸೇಜ್, ಫಾರ್ವರ್ಡ್ ಮಾಡಬೇಡಿ" ಎಂದು ಬರೆದಿದ್ದರು. ಪುರಾವೆಗೆ ನನ್ನ ಹಳೆಯ ಸ್ಪಷ್ಟನೆಯನ್ನೇ ಅಂಟಿಸಿದ್ದರು. ಅಂದು ಯಾರೂ ಓದದಿದ್ದದ್ದು ಇಂದು ಗುಂಪಿನಿಂದ ಗುಂಪಿಗೆ ಓಡುತ್ತಿತ್ತು. ಎಲ್ಲರೂ ನೆಮ್ಮದಿಯಿಂದ ಹೆಬ್ಬೆರಳು ಎತ್ತಿದ್ದರು. ಇದು ನಿಜ, ನಾನು ಸ್ಮಶಾನದಲ್ಲೇ ನಿಂತಿದ್ದೇನೆ ಎಂದು ಬರೆದೆ. ಅದಕ್ಕೂ ಉತ್ತರವಾಗಿ ಅದೇ ಸ್ಪಷ್ಟನೆ ಬಂತು, ಕೆಳಗೆ ನನ್ನದೇ ಹೆಸರು. ನನಗೆ ಅಳು ಬಂತು.

"ಯಾರಾದ್ರೂ ಬರ್ತೇನೆ ಅಂದ್ರಾ?" ಎಂದು ಮಗ ಕೇಳಿದರು.

ಇಲ್ಲ ಎಂದೆ. ಅವರು ಗೇಟಿನಿಂದ ಕಣ್ಣು ತೆಗೆದು, ಚಪ್ಪಲಿ ಬಿಟ್ಟು ಚಿತೆಯ ಕಡೆಗೆ ನಡೆದರು.